ನಿಮಗಿದು ಗೊತ್ತೆ? ದಂತ ಚಿಕಿತ್ಸಾಲಯದ ಗಾಯಕಿ
ಅಮೆರಿಕದ ಲಿಂಡಾ ಪರ್‌ಹ್ಯಾಕ್ಸ್ ಬೆವರ್ಲಿ ಹಿಲ್ಸ್‌ನ ದಂತ ಚಿಕಿತ್ಸಾಲಯವೊಂದರಲ್ಲಿ ಹಲ್ಲು ಶುಚಿಗೊಳಿಸುವ ಕೆಲಸದಲ್ಲಿದ್ದರು. ಅಲ್ಲಿಗೆ ಬರುತ್ತಿದ್ದ ಹಾಲಿವುಡ್ ಸಂಗೀತ ನಿರ್ದೇಶಕ ಲಿಯೊನಾರ್ಡ್ ರೋಸೆನ್‌ಮನ್ ಈಕೆಯೇ ಬರೆದ ಹಾಡುಗಳನ್ನು ಕೇಳಿ ಧ್ವನಿಮುದ್ರಣಕ್ಕೆ ಮುಂದಾದರು. ಹಾಗೆ 1970ರಲ್ಲಿ ಬಂದದ್ದೇ ‘ಪ್ಯಾರಲೆಲೊಗ್ರಾಮ್ಸ್’ ಎಂಬ ಸೈಕೆಡೆಲಿಕ್ ಫೋಕ್ ಆಲ್ಬಂ. ಶೀರ್ಷಿಕೆ ಗೀತೆಯಲ್ಲಂತೂ ರೇಖಾಗಣಿತದ ಆಕೃತಿಗಳ ಹೆಸರುಗಳೇ ಒಂದರ ಮೇಲೊಂದು ಸುತ್ತುತ್ತವೆ. ನಡುವೆ ಗಿಟಾರ್ ನಿಂತು, ವಿಚಿತ್ರ ಧ್ವನಿಗಳ ಲೋಕವೊಂದು ತೆರೆದು, ಹಾಡು ಮತ್ತೆ ಮರಳುತ್ತದೆ. ಮೊದಲ ಆಲ್ಬಂನಲ್ಲೇ ಎಂಥ ಧೈರ್ಯ! ಆದರೆ ಮಾರುಕಟ್ಟೆಗೆ ಬಂದ ಎಲ್‌ಪಿಯಲ್ಲಿ ಆ ನಾದದ ಸೂಕ್ಷ್ಮಗಳೇ ಮಾಯವಾಗಿದ್ದವು. ಮಾರಾಟವೂ ನೆಲಕಚ್ಚಿತು. ಲಿಂಡಾ ಹಳೆಯ ಕೆಲಸದಲ್ಲೇ ಉಳಿದರು. 1998ರ ಮರುಬಿಡುಗಡೆ ಹೊಸ ತಲೆಮಾರಿನ ಕೇಳುಗರನ್ನು ತಂದಿತು. ಅವರ ಎರಡನೇ ಆಲ್ಬಂ ಬಂದದ್ದು 2014ರಲ್ಲಿ, ಅಂದರೆ 44 ವರ್ಷಗಳ ಬಳಿಕ.