ಆಡಳಿತ ಪದ್ಧತಿಗಳು: ಗುಣ ಮತ್ತು ಮಿತಿ

‘ಸಮರ್ಥನಾದ ಒಬ್ಬ ಅರಸನಿದ್ದರೆ ಸಾಕು, ಚುನಾವಣೆಯ ಗೊಂದಲವೇಕೆ?’ ಎಂದು ಸದ್ಭಕ್ತರಲ್ಲಿ ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ಸಮಾಧಾನದಿಂದ ಪರಿಶೀಲಿಸಬೇಕು.

ತ್ವರಿತ ನಿರ್ಣಯ ಮತ್ತು ದೀರ್ಘಕಾಲದ ಯೋಜನೆ ರಾಜಪ್ರಭುತ್ವದ ಗುಣಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಂಬಾಡಿ ಅಣೆಕಟ್ಟೆಯೇ ಇದಕ್ಕೆ ಸಾಕ್ಷಿ. ಆದರೆ ಅರಸನು ತಪ್ಪಿದರೆ ತಡೆಯುವವರಿಲ್ಲ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯು ಅಹವಾಲು ಸಲ್ಲಿಸಬಹುದಿತ್ತೇ ಹೊರತು ಸರ್ಕಾರವನ್ನು ಬದಲಿಸುವಂತಿರಲಿಲ್ಲ.

ಅಮೆರಿಕದಲ್ಲಿ ಅಧ್ಯಕ್ಷರ ಅವಧಿ 4 ವರ್ಷಗಳೆಂದು ನಿಶ್ಚಿತವಾಗಿರುವುದರಿಂದ ಸ್ಥಿರತೆ ಹೆಚ್ಚು. ಆದರೆ ಅಧ್ಯಕ್ಷರಿಗೂ ಶಾಸನಸಭೆಗೂ ಒಮ್ಮತ ಬಾರದಿದ್ದರೆ ಆಡಳಿತವೇ ಸ್ಥಗಿತಗೊಳ್ಳಬಹುದು. 2018ರ ಡಿಸೆಂಬರಿನಿಂದ 35 ದಿನಗಳ ಕಾಲ ಅಲ್ಲಿಯ ಹಲವು ಸರ್ಕಾರಿ ಕಚೇರಿಗಳು ಮುಚ್ಚಿದ್ದವು.

ಸ್ವಿಟ್ಜರ್ಲೆಂಡಿನಲ್ಲಿ ಪ್ರಜೆಗಳೇ ಹಲವು ವಿಷಯಗಳನ್ನು ನೇರವಾಗಿ ಮತ ಹಾಕಿ ನಿರ್ಧರಿಸುತ್ತಾರೆ. ಆದರೆ ಅಲ್ಲಿಯ ಪುರುಷ ಮತದಾರರು ಮಹಿಳೆಯರ ಮತದಾನದ ಹಕ್ಕನ್ನು 1959ರಲ್ಲಿ ತಿರಸ್ಕರಿಸಿ, 1971ರಲ್ಲಷ್ಟೇ ಒಪ್ಪಿದರು. ಬಹುಮತವೆಲ್ಲವೂ ನ್ಯಾಯವಲ್ಲ.

ನಮ್ಮ ಸಂಸದೀಯ ಪದ್ಧತಿಯಲ್ಲಿ ಸಚಿವ ಸಂಪುಟವು ಲೋಕಸಭೆಗೆ ಹೊಣೆಯಾಗಿದೆ. 1999ರ ಏಪ್ರಿಲಿನಲ್ಲಿ ವಾಜಪೇಯಿಯವರ ಸರ್ಕಾರವು ಒಂದೇ ಮತದಿಂದ ಬಿದ್ದಿತು. ಅಸ್ಥಿರತೆ ಇದರ ಮಿತಿ. ಪ್ರಧಾನಿಯೂ ಸದನಕ್ಕೆ ತಲೆಬಾಗಲೇಬೇಕೆಂಬುದು ಇದರ ಶಕ್ತಿ.

ದೋಷವಿಲ್ಲದ ಪದ್ಧತಿಯಿಲ್ಲ. ಆಳುವವರು ತಪ್ಪಿದಾಗ ರಕ್ತಪಾತವಿಲ್ಲದೆ ಅವರನ್ನು ಬದಲಿಸಲು ಪ್ರಜೆಗಳಿಗೆ ಸಾಧ್ಯವೇ ಎಂಬುದೇ ನಿಜವಾದ ಒರೆಗಲ್ಲು. 1975ರಲ್ಲಿ ಹೇರಲಾದ ತುರ್ತು ಪರಿಸ್ಥಿತಿಗೆ 1977ರಲ್ಲಿ ಉತ್ತರವಿತ್ತವರು ಸಾಮಾನ್ಯ ಮತದಾರರು. ಒಳ್ಳೆಯ ಅರಸನನ್ನು ಬಯಸುವುದು ಸುಲಭ. ಕೆಟ್ಟವನನ್ನು ಇಳಿಸುವ ಹಕ್ಕನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.