ಕಿಡ್ನಿ ಕಾಯುವ ಸೊಪ್ಪು, ಕಿಡ್ನಿ ಕೆಡಿಸುವ ಬೇರು

ಮಳೆ ಬಿದ್ದೊಡನೆ ಹೊಲದ ಬದುಗಳಲ್ಲಿ ಹಬ್ಬುವ ಕೊಮ್ಮೆ ಗಿಡವೇ ಆಯುರ್ವೇದದ ಪುನರ್ನವ. ಮೈ ಬಾತಾಗ, ಮೂತ್ರ ಸರಿಯಾಗಿ ಹೋಗದಿದ್ದಾಗ ಇದರ ಬೇರನ್ನೋ ನೆಗ್ಗಿಲುಮುಳ್ಳನ್ನೋ ಕಷಾಯ ಮಾಡಿ ಕೊಡುವುದು ಹಳೆಯ ರೂಢಿ. ವಿಷದಿಂದ, ಕಟುವಾದ ಔಷಧಗಳಿಂದ ಪೆಟ್ಟು ತಿನ್ನುವ ಕಿಡ್ನಿಯನ್ನು ಇವು ಕಾಪಾಡಬಲ್ಲವೇ ಎಂದು ಪ್ರಯೋಗಾಲಯಗಳೂ ಈಗ ಪರೀಕ್ಷಿಸುತ್ತಿವೆ.

ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಬಿಟ್ಟು, ಉಳಿದದ್ದನ್ನು ಸೂಕ್ಷ್ಮ ನಳಿಕೆಗಳ ಮೂಲಕ ಮರಳಿ ಹೀರಿಕೊಳ್ಳುತ್ತವೆ. ಈ ನಳಿಕೆಗಳ ಜೀವಕೋಶಗಳೇ ವಿಷವನ್ನೂ ಒಳಗೆಳೆದುಕೊಳ್ಳುತ್ತವೆ. ಸೋಂಕಿಗೆ ಕೊಡುವ ಜೆಂಟಾಮೈಸಿನ್, ಕ್ಯಾನ್ಸರಿಗೆ ಕೊಡುವ ಸಿಸ್ಪ್ಲಾಟಿನ್ ಅಲ್ಲಿ ಶೇಖರವಾದರೆ ಕೋಶಗಳು ಸಾಯುತ್ತವೆ, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರುತ್ತದೆ.

ಪುನರ್ನವದ ಸಾರ ಕುಡಿಸಿದ ಇಲಿಗಳಲ್ಲಿ ಜೆಂಟಾಮೈಸಿನ್‌ನ ಹಾನಿ ತಗ್ಗಿದ್ದನ್ನು ಸಂಶೋಧಕರು ಕಂಡಿದ್ದಾರೆ. ನೆಗ್ಗಿಲಿನ ಮೇಲಿನ ಪ್ರಯೋಗಗಳಲ್ಲೂ ಇಂಥ ಫಲ ಕಂಡಿದೆ. ಇದು ಭರವಸೆಯ ಸುದ್ದಿಯೇ. ಆದರೆ ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ವಿಷಕ್ಕೆ ಮೊದಲೇ ಅಥವಾ ಅದರ ಜೊತೆಗೇ ಸಾರವನ್ನು ಕೊಟ್ಟಿರುತ್ತಾರೆ. ಮನುಷ್ಯ ಆಸ್ಪತ್ರೆಗೆ ಬರುವುದು ಕಿಡ್ನಿ ಕೆಟ್ಟ ಮೇಲೆ. ಅಳೆದು ತಯಾರಿಸಿದ ಸಾರ ಬೇರೆ, ಮನೆಯಲ್ಲಿ ಅಂದಾಜಿನ ಮೇಲೆ ಕುದಿಸಿದ ಕಷಾಯ ಬೇರೆ. ಕ್ಯಾನ್ಸರ್ ರೋಗಿಯಲ್ಲಿ ಇನ್ನೊಂದು ಪ್ರಶ್ನೆಯೂ ಉಂಟು: ಕಿಡ್ನಿಯನ್ನು ಕಾಯುವ ಸಾರ ಸಿಸ್ಪ್ಲಾಟಿನ್‌ನಿಂದ ಗಡ್ಡೆಯನ್ನೂ ಕಾಯುವುದಿಲ್ಲವೇ?

ಗಿಡಮೂಲಿಕೆಯೆಂದರೆ ಹಾನಿಯಿಲ್ಲ ಎಂಬ ನಂಬಿಕೆಗೆ ಬೆಲೆ ತೆತ್ತವರಿದ್ದಾರೆ. ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆ ಸೇವಿಸಿದ ಮಹಿಳೆಯರ ಕಿಡ್ನಿಗಳು ಕೆಟ್ಟದ್ದು 1993ರಲ್ಲಿ ವೈದ್ಯಲೋಕಕ್ಕೆ ತಿಳಿಯಿತು. ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಹೋಗಿತ್ತು. ಹಲವರಿಗೆ ಡಯಾಲಿಸಿಸ್ ಬೇಕಾಯಿತು, ಮುಂದೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಜಾತಿಯದು, ಅದರಲ್ಲೂ ಕಿಡ್ನಿ ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲವಿದೆ. ಹಾವು ಕಚ್ಚಿದರೆ ಅದರ ಬೇರು ತೇದು ಕುಡಿಸುವ ವಾಡಿಕೆ ಉಂಟು. ಕೊಳಕುಮಂಡಲದ ವಿಷವೇ ಕಿಡ್ನಿಗೆ ಮಾರಕ. ಅಂಥ ಕಡಿತಕ್ಕೆ ಈ ಬೇರು ಕುಡಿಸಿದರೆ ಪ್ರತಿವಿಷದ ಚುಚ್ಚುಮದ್ದಿಗೆ ಇರುವ ಹೊತ್ತು ಕಳೆದುಹೋಗುತ್ತದೆ, ಕಿಡ್ನಿಗೆ ಇನ್ನೊಂದು ವಿಷವೂ ಸೇರುತ್ತದೆ.

ಕರಾವಳಿಯ ಹಿತ್ತಲುಗಳಲ್ಲಿ ಬೆಳೆಯುವ ಬಿಂಬುಳಿಯೂ ನಿರಪಾಯವಲ್ಲ. ಕೊಲೆಸ್ಟ್ರಾಲ್ ಇಳಿಯಲೆಂದು ಅದರ ರಸವನ್ನು ಹೆಚ್ಚಾಗಿ ಕುಡಿದವರ ಕಿಡ್ನಿ ಹಠಾತ್ತನೆ ಕೈಕೊಟ್ಟ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಕಾರಣ, ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ನಳಿಕೆಗಳನ್ನು ಕಟ್ಟಿಬಿಡುತ್ತದೆ.

ಪುನರ್ನವಕ್ಕೆ ನಾವು ಸಲ್ಲಿಸಬೇಕಾದ ಗೌರವವೆಂದರೆ ಗಂಭೀರ ಪರೀಕ್ಷೆ. ಗುಣಮಟ್ಟ ಗೊತ್ತಿರುವ ಸಾರವನ್ನು, ನಿಗದಿತ ಪ್ರಮಾಣದಲ್ಲಿ, ರೋಗಿಗಳ ಒಪ್ಪಿಗೆ ಪಡೆದು ಆಸ್ಪತ್ರೆಗಳಲ್ಲೇ ಪರೀಕ್ಷಿಸಬೇಕು. ಆಯುರ್ವೇದ ವೈದ್ಯರೂ ಕಿಡ್ನಿ ತಜ್ಞರೂ ಜೊತೆಗೂಡಿ ಮಾಡಬೇಕಾದ ಕೆಲಸವಿದು. ಅಲ್ಲಿಯವರೆಗೆ ಕಿಡ್ನಿ ತೊಂದರೆ ಇರುವವರು ಯಾವ ಕಷಾಯ ಕುಡಿದರೂ ತಮ್ಮ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಲಿ. ವೈದ್ಯರೂ ಗದರದೆ ಕೇಳಿಸಿಕೊಳ್ಳಲಿ. ಬೈಗುಳಕ್ಕೆ ಹೆದರಿ ರೋಗಿ ಬಚ್ಚಿಟ್ಟ ಕಷಾಯದ ಹಾನಿಯನ್ನು ಯಾವ ವೈದ್ಯರೂ ಹೊತ್ತಿಗೆ ಸರಿಯಾಗಿ ತಡೆಯಲಾರರು.