ಬಾಟಲಿ ಎತ್ತಬೇಡಿ, ಅಪ್ಪನನ್ನು ಎಬ್ಬಿಸಿ!

ಚಿಂತಾಕಿ: ಕೆಮ್ಮು ಯಾರಿಗಿಲ್ಲ? ಬೀಡಿ ಸೇದುವವನಿಗಂತೂ ಕೆಮ್ಮು ಮನೆಯ ನೆಂಟ. ಅಂಗಳದಲ್ಲಿ ಕೆಮ್ಮಿದ ದನಿ ಕೇಳಿಯೇ ಯಾರು ಬಂದರೆಂದು ಒಳಗಿನವರು ಹೇಳುವುದುಂಟು. ಆ ದನಿ ಬದಲಾದಾಗ ಮಾತ್ರ ಯಾರೂ ಗಮನಿಸುವುದಿಲ್ಲ. ಕಫದಲ್ಲಿ ರಕ್ತದ ಎಳೆ ಕಂಡಾಗಲೂ ಮೊದಲು ಬಾಯಿಗೆ ಬರುವ ಮಾತು, "ಟಿಬಿ ಇರ್ಬೇಕ್ರಿ."

ಇರಬಹುದು. ಇಲ್ಲದಿರಲೂಬಹುದು. ಎಕ್ಸ್‌ರೇಯಲ್ಲಿ ಎರಡೂ ಬಿಳಿ ಮಚ್ಚೆಯಂತೆಯೇ ಕಾಣಬಲ್ಲವು. ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗಿ, ಕಡೆಗೆ ಅದು ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದವರು ಈ ದೇಶದಲ್ಲಿ ಕಡಿಮೆಯಿಲ್ಲ. ಅಷ್ಟರಲ್ಲಿ ಗಂಟನ್ನು ಕೊಯ್ದು ತೆಗೆಯುವ ಕಾಲ ಮೀರಿರುತ್ತದೆ. ಆದ್ದರಿಂದ ಡಾಕ್ಟರು "ಆಪರೇಷನ್ ಮಾಡಬಹುದು" ಎಂದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ಇದ್ದುದರಲ್ಲಿ ಅದೇ ಒಳ್ಳೆಯ ಸುದ್ದಿ. "ಕತ್ತರಿ ಹಚ್ಚಿದ್ರ ಜಡ್ಡು ಹರಡ್ತದ" ಎಂದು ಕಟ್ಟೆಯ ಮೇಲೆ ಕುಳಿತು ಹೇಳುವವರ ಮಾತಿಗೆ ಆಧಾರವಿಲ್ಲ.

ಔರಾದ್ ತಾಲ್ಲೂಕಿನ ಈ ಹೋಬಳಿಯವರು ಇಂಥ ಆಪರೇಷನ್ನಿಗೆ ಹೋಗುವುದಾದರೂ ಎಲ್ಲಿಗೆ? ಬೀದರ್‌ನ ಬ್ರಿಮ್ಸ್‌ನಲ್ಲಿ ತೋರಿಸಿದ ಮೇಲೆ ಮೂರು ದಾರಿ. ಕಲಬುರಗಿ ಸುಮಾರು 110 ಕಿ.ಮೀ., ಅಲ್ಲಿ ಕಿದ್ವಾಯಿ ಆಸ್ಪತ್ರೆಯ ಶಾಖೆಯಿದೆ. ಹೈದರಾಬಾದ್ ಸುಮಾರು 140 ಕಿ.ಮೀ., ಅಲ್ಲಿ ಸರ್ಕಾರಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನ ಮೂಲ ಕಿದ್ವಾಯಿ ಸುಮಾರು 700 ಕಿ.ಮೀ. ದೂರ. ಚಿಂತಾಕಿಯವರಿಗೆ ಹೈದರಾಬಾದ್ ಅಭ್ಯಾಸದ ಊರು, ಬೆಂಗಳೂರು ಪರದೇಶವಿದ್ದಂತೆ. ಆದರೆ ಹೊರಡುವ ಮುಂಚೆ ಲೆಕ್ಕ ಹಾಕಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಗಡಿ ದಾಟಿದರೆ ಆ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂದು ಬೀದರ್‌ನಲ್ಲೇ ಕೇಳಿಕೊಳ್ಳುವುದು ಲೇಸು. ಜೊತೆಗೆ ಹೋಗುವ ಅವ್ವನಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಕಲಬುರಗಿ ಬಸ್ಸು ಪುಕ್ಕಟೆ. ಹೈದರಾಬಾದ್ ಬಸ್ಸಿಗೆ ಟಿಕೆಟ್ ತೆಗೆಯಲೇಬೇಕು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ ಪೂರ್ತಿ ಮಾಫಿ, ಜೊತೆಗಾರನಿಗೆ ಮುಕ್ಕಾಲು ಭಾಗ ಮಾಫಿ. ಆಸ್ಪತ್ರೆಯ ಸರ್ಟಿಫಿಕೇಟ್ ಕೈಯಲ್ಲಿರಬೇಕು, ಅಷ್ಟೆ.

ಮಂಚದ ಕೆಳಗಿನ ಬಾಟಲಿ

ಇಷ್ಟೆಲ್ಲ ಆಗಿ ಆಪರೇಷನ್ ಮುಗಿದು, ಡಾಕ್ಟರು ಹೊರಬಂದು "ಚೆನ್ನಾಗಾಯ್ತು" ಎಂದಾಗ ಮನೆಯವರು ಗೆದ್ದೆವೆಂದು ಕೈಮುಗಿಯುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಗ. ಅದರಲ್ಲಿ ಅರ್ಧ ಕೆಲಸ ಡಾಕ್ಟರದಲ್ಲ, ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತ ಮಗನದು ಅಥವಾ ಮಗಳದು.

ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಸಾಮಾನ್ಯವಾಗಿ ಗಂಟಿರುವ ಒಂದು ಹಾಲೆಯನ್ನು ತೆಗೆಯುತ್ತಾರೆ. ಉಳಿದವು ಹಿಗ್ಗಿ ಆ ಜಾಗ ತುಂಬಬೇಕು. ಎದೆಯೊಳಗೆ ಉಳಿದ ಗಾಳಿ, ರಕ್ತ, ನೀರು ಹೊರಬರಲು ಪಕ್ಕೆಯಿಂದ ಒಂದು ನಳಿಗೆ ಇಳಿಸಿ ಮಂಚದ ಕೆಳಗಿನ ಬಾಟಲಿಗೆ ಸೇರಿಸಿರುತ್ತಾರೆ. ಅಪ್ಪ ಉಸಿರಾಡಿದಂತೆ ನಳಿಗೆಯಲ್ಲಿ ನೀರು ಏರಿ ಇಳಿಯುತ್ತದೆ, ಗುಳ್ಳೆ ಏಳುತ್ತದೆ. ನೋಡಿದವರಿಗೆ ದಿಗಿಲು! ಸಿಸ್ಟರ್ ಹೇಳುವುದು ಒಂದೇ ಮಾತು: ಬಾಟಲಿ ಎದೆಗಿಂತ ಕೆಳಗೇ ಇರಬೇಕು. ಸಂಡಾಸಿಗೆ ಕರೆದೊಯ್ಯುವಾಗ ಅದನ್ನು ಎತ್ತಿ ಮಂಚದ ಮೇಲಿಟ್ಟರೆ ಹೊರಬಂದದ್ದು ಮತ್ತೆ ಎದೆಯೊಳಗೆ ಹೋಗಬಹುದು.

ಆದರೆ ಬಾಟಲಿಗಿಂತ ಕಷ್ಟದ್ದು ಅಪ್ಪನನ್ನು ಎಬ್ಬಿಸುವುದು. ನಮ್ಮ ಕಡೆ ಪ್ರೀತಿ ಎಂದರೆ ಮಲಗಿಸುವುದು. "ಸುಮ್ನ ಮಲ್ಕೊಳ್ರಿ, ಅಳ್ಳಾಡಬ್ಯಾಡ್ರಿ" ಎಂದು ಅವ್ವ ಕಣ್ಣೀರು ಹಾಕುತ್ತಾಳೆ. ಡಾಕ್ಟರು ಇದಕ್ಕೆ ತದ್ವಿರುದ್ಧ. ಮಾರನೆಯ ದಿನಕ್ಕೇ ಕುರ್ಚಿಯಲ್ಲಿ ಕೂಡಿಸಿ, ನಡೆಸಿ, ಕೆಮ್ಮಿಸಿ ಎನ್ನುತ್ತಾರೆ. ಇದು ಕಟುಕತನವಲ್ಲ. ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಒಳಗೇ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಬಹುದು. ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಿದರೆ ಹೊಲಿಗೆಯ ನೋವು ತಗ್ಗುತ್ತದೆ. ನೋವಿನ ಔಷಧಿಯನ್ನು ಕೇಳಿ ತೆಗೆದುಕೊಳ್ಳಲು ನಾಚಿಕೆ ಬೇಡ, ನೋವು ತಡೆದುಕೊಂಡವನಿಗೆ ಯಾರೂ ಪದಕ ಕೊಡುವುದಿಲ್ಲ.

ಇನ್ನು ಮೂರು ಗುಂಡಿನ ಆಟಿಕೆ. ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂರು ಬಣ್ಣದ ಗುಂಡು. ಕೊಳವೆಯಿಂದ ಉಸಿರು ಎಳೆದರೆ ಒಂದೊಂದಾಗಿ ಮೇಲೇಳುತ್ತವೆ. ಊದುವುದಲ್ಲ, ಎಳೆಯುವುದು. ಬಹಳ ಜನ ಇಲ್ಲೇ ತಪ್ಪುತ್ತಾರೆ. "ಅಪ್ಪಾ, ಇನ್ನೊಮ್ಮಿ ಎಳೀರಿ, ಎರಡನೇದು ಏಳ್ಲತ್ತದ" ಎಂದು ಮಗ ಹೇಳಿದಾಗ ಅರವತ್ತರ ರೈತನಿಗೆ ಸಿಟ್ಟು ಬಂದರೆ ಬರಲಿ. ಗಂಟೆಗೊಮ್ಮೆ ಹೇಳಬೇಕು.

ಎಲ್ಲ ಸರಿಹೋದರೆ ವಾರದೊಳಗೆ ನಳಿಗೆ ತೆಗೆದು ಮನೆಗೆ ಕಳಿಸುವುದುಂಟು. ತೆಗೆದ ಗಂಟಿನ ವರದಿ ಆಮೇಲೆ ಬರುತ್ತದೆ. ಮುಂದೆ ಕೀಮೋ ಬೇಕೋ ಬೇಡವೋ ಎಂಬುದನ್ನು ಹೇಳುವುದು ಆ ಕಾಗದ. ಊರಿನ ಸಂಭ್ರಮದಲ್ಲಿ ಅದನ್ನು ತರುವುದೇ ಮರೆಯಬಾರದು.

ಅರಮನೆಯಲ್ಲೂ ಮುಚ್ಚುಮರೆ

"ಅಪ್ಪಗ ಹೆಸರು ಹೇಳಬ್ಯಾಡ್ರಿ ಸಾಹೇಬ್ರ" ಎಂದು ಡಾಕ್ಟರ ಬೆನ್ನು ಹತ್ತುವುದು ನಮ್ಮಲ್ಲಿ ಮಾಮೂಲು. ಇದು ಬಡವರ ಮನೆಯ ರೂಢಿ ಮಾತ್ರವಲ್ಲ. ಇಂಗ್ಲೆಂಡಿನ ದೊರೆ ಆರನೇ ಜಾರ್ಜ್ ಭಾರಿ ಸಿಗರೇಟಿನ ಮನುಷ್ಯ. 1951ರ ಸೆಪ್ಟೆಂಬರ್ 23ರಂದು ಅರಮನೆಯಲ್ಲೇ ಅವನ ಎಡ ಶ್ವಾಸಕೋಶ ತೆಗೆದರು. ಕ್ಯಾನ್ಸರ್ ಎಂದು ಅವನಿಗೆ ಹೇಳಲಿಲ್ಲ. 1952ರ ಜನವರಿ 31ರಂದು ವಿಮಾನ ನಿಲ್ದಾಣಕ್ಕೆ ಬಂದು ಮಗಳು ಎಲಿಜಬೆತ್‌ಳನ್ನು ಬೀಳ್ಕೊಟ್ಟ. ಫೆಬ್ರವರಿ 6ರಂದು ನಿದ್ದೆಯಲ್ಲೇ ತೀರಿಕೊಂಡ. ಮಗಳು ಆಗ ಕೀನ್ಯಾದಲ್ಲಿದ್ದಳು. ಹೆಸರು ಮುಚ್ಚಿಟ್ಟರೆ ರೋಗ ನಿಲ್ಲುವುದಿಲ್ಲ. ಬೀಡಿ ಬಿಡಿ ಎಂದು ಹೇಳಲು ಕಾರಣ ಮಾತ್ರ ಇಲ್ಲವಾಗುತ್ತದೆ.

ಇದಕ್ಕೆ ಎದುರಾದ ಕಥೆಯೂ ಉಂಟು. 1933ರ ಏಪ್ರಿಲ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಎವಾರ್ಟ್ಸ್ ಗ್ರಹಾಂ ಕ್ಯಾನ್ಸರ್ ಆದ ಒಂದಿಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದರು. ರೋಗಿ ಬದುಕಿದ, ಒಂದೆರಡಲ್ಲ, ಸುಮಾರು 30 ವರ್ಷ. ಸಿಗರೇಟು ಸೇದುತ್ತಿದ್ದ ಆ ಡಾಕ್ಟರೇ 1957ರಲ್ಲಿ ಅದೇ ಕ್ಯಾನ್ಸರಿನಿಂದ ರೋಗಿಗಿಂತ ಮೊದಲು ತೀರಿಕೊಂಡರು.

ಮನೆಗೆ ಬಂದ ಮೇಲೆ ಕೆಲವು ವಾರ ತೊಗರಿ ಚೀಲ ಎತ್ತುವಂತಿಲ್ಲ, ನೀರಿನ ಕೊಡವನ್ನೂ. ಪಕ್ಕೆ ಜೋಮು ಹಿಡಿದಂತಿರುವುದು ತಿಂಗಳುಗಟ್ಟಲೆ ಇರಬಹುದು, ಅದಕ್ಕೆ ಹೆದರಬೇಡಿ. ಜ್ವರ ಬಂದರೆ, ಗಾಯ ಸೋರಿದರೆ, ಒಂದು ಕಾಲು ಬಾತರೆ, ಉಸಿರು ಹತ್ತಿದರೆ, ರಕ್ತ ಕೆಮ್ಮಿದರೆ ನಾಳೆಯ ಬಸ್ಸು ಎನ್ನದೆ ಅಂದೇ ದವಾಖಾನಿಗೆ ಹೊರಡಬೇಕು. ಮಂಚವನ್ನು ಒಲೆಯ ಹೊಗೆಯಿಂದ ದೂರ ಹಾಕಬೇಕು. ಅದು ಸುಲಭ. ಕಷ್ಟವಾಗುವುದು ಸಂಜೆ. ಹಣ್ಣು ಹಿಡಿದು ಮಾತಾಡಿಸಲು ಬಂದ ಹಳೆಯ ಗೆಳೆಯರು ಮಂಚದ ಪಕ್ಕ ಕುಳಿತು, ಅಭ್ಯಾಸಬಲದಿಂದ ಕಿಸೆಗೆ ಕೈ ಹಾಕುತ್ತಾರೆ. "ಹೊರಗ ಹೋಗಿ ಸೇದಿ ಬರ್ರಿ ಕಾಕಾ" ಎನ್ನಲು ಮಗನಿಗೆ ಬಾಯಿ ಬರುವುದಿಲ್ಲ. ಅವ್ವನೇ ಎದ್ದು ಕಡ್ಡಿಪೆಟ್ಟಿಗೆ ಕಸಿದುಕೊಂಡರೆ ಕಾಕಾ ಸಿಟ್ಟಾಗಲಿ, ನಾಳೆ ಮತ್ತೆ ಬಂದೇ ಬರುತ್ತಾರೆ.